ಗರಸಿನ ದಾರಿಯ ಸೈಕಲ್ ಮಾಸ್ತರ

೧೯ ಡಿಸೆಂಬರ್ ೨೦೧೦, ಭಾನುವಾರ. ಜಹೀರಾಬಾದ್

ಶಿವರಾಯ ಮಧ್ಯಾಹ್ನ ಬಂದ, ಸಂಜೆಯ ರೈಲು ಹಿಡಿದ, ಹೋಗುವಾಗ ಒಂದು ಸೈಕಲ್ಲನ್ನು ನನ್ನ ಕೊರಳಿಗೆ ಕಟ್ಟಿ ಹೋದ. ಅವನು ತೀರಿಹೋದ ನನ್ನ ಹೆಂಡತಿಯ ಅಣ್ಣನ ಮಗ. ಹೈದರಾಬಾದಿನಲ್ಲಿ ಓದುತ್ತಾನೆ. ತೆಲಂಗಾಣ ರಾಜ್ಯ ಕೊಡಬೇಕೋ ಬೇಡವೋ ಎಂದು ಹೇಳುವ ಸಮಿತಿಯ ವರದಿ ವರ್ಷದ ಕೊನೆಗೆ ಬರುತ್ತದಂತೆ, ಗಲಾಟೆ ಆಗಬಹುದೆಂದು ಹಾಸ್ಟೆಲ್ ಖಾಲಿ ಮಾಡಿಸುತ್ತಿದ್ದಾರಂತೆ, ಗೆಳೆಯನ ಖೋಲಿಯಲ್ಲಿ ಸೈಕಲ್ ಇಡಲು ಜಾಗ ಇಲ್ಲವಂತೆ. ಎಲ್ಲಾ ಅಂತೆ.

ಇಂಥ ಸೈಕಲ್ ಈ ಊರಿನಲ್ಲಿ ಇನ್ನೊಂದಿಲ್ಲ. ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದೆ. ಹಿಂದೆ ಮುಂದೆ ಕ್ಯಾರಿಯರು, ಅವಕ್ಕೆ ನೇತುಬಿದ್ದ ಚೀಲಗಳು, ಒಂದರ ಪಕ್ಕ ಒಂದು ಗೇರಿನ ಚಕ್ರಗಳು. ದೇಶ ಸುತ್ತಲು ಬಂದ ಯಾರೋ ವಿದೇಶದ ಹುಡುಗ ವಿಮಾನ ಹತ್ತುವಾಗ ಇವನಿಗೆ ಬಿಟ್ಟುಹೋದನಂತೆ. ಪುಕ್ಕಟೆ ಯಾರಾದರೂ ಬಿಟ್ಟುಹೋಗುತ್ತಾರೆಯೇ? ಚೀಲಗಳನ್ನು ಒಳಗೆ ಹೊರಗೆ ತಿರುವಿ ನೋಡಿದೆ. ಏನೂ ಸಿಗಲಿಲ್ಲ. ಸಿಗದೆ ಇದ್ದದ್ದಕ್ಕೇ ನನಗೆ ಅನುಮಾನ.

"ಮಾಮಾ, ದಿನಾ ಸಾಲಿಗಿ ಇದ್ರ ಮ್ಯಾಲೇ ಹೋಗ್ರಿ," ಅಂದ. "ಗರಸಿನ ರಸ್ತಾದಾಗ ಹ್ಯಾಂಡಲ್ ಬಿಗಿ ಹಿಡೀಬ್ಯಾಡ್ರಿ. ಸಡಿಲ ಬಿಟ್ರ ಅದೇ ದಾರಿ ಹುಡುಕ್ಕೋತದ." ಐವತ್ತು ದಾಟಿದವನಿಗೆ ಹ್ಯಾಂಡಲ್ ಸಡಿಲ ಬಿಡು ಅನ್ನುವವನ ಮನಸ್ಸಿನಲ್ಲಿ ಏನಿದೆಯೋ.

ಆದರೂ ಇಟ್ಟುಕೊಂಡೆ. ಕಾರಣ ಇದೆ. ಮಗಳು ಪ್ರೇಮಲಾಳನ್ನು ನೋಡಿಹೋದ ತಾಂಡೂರಿನ ಕಡೆಯವರಿಗೆ ಸಂಕ್ರಾಂತಿಯೊಳಗೆ ಉತ್ತರ ಹೇಳಬೇಕು. ಹುಡುಗ ಸೂರ್ಯಕಾಂತ, ನಾರಾಯಣಖೇಡದಲ್ಲಿ ದನದ ದವಾಖಾನೆಯ ಕಂಪೌಂಡರ್. ತಂದೆ ಶಾಂತಪ್ಪನಿಗೆ ತಾಂಡೂರಿನ ಹತ್ತಿರ ಹೊಲ, ಜೊತೆಗೆ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ವ್ಯಾಪಾರ. ಒಬ್ಬನೇ ಮಗ, ಅಕ್ಕ ತಂಗಿ ಯಾರೂ ಇಲ್ಲ ಎಂದರು. ತಂದೆ ಮಗ ಇಬ್ಬರೂ ನಮ್ಮ ಮನೆಯ ಶಿರಾ ತಿಂದು ಎದ್ದರು. ಅಂದರೆ ಅವರಿಗೆ ಒಪ್ಪಿಗೆ. ನಮ್ಮಲ್ಲಿ ಹಾಗೇ. ಮನಸ್ಸಿಲ್ಲದವರು ಚಹಾ ಕುಡಿದು ಹೋಗುತ್ತಾರೆ, ಸಿಹಿ ಮುಟ್ಟುವುದಿಲ್ಲ. ಇನ್ನು ನಾವು ಅವರ ಕಡೆಯ ಸಿಹಿ ತಿಂದೆವೆಂದರೆ ಮಾತು ಮುಗಿದ ಹಾಗೆ, ಆಮೇಲೆ ಹಿಂದೆ ಸರಿಯುವಂತಿಲ್ಲ.

ಅದಕ್ಕೆ ಮೊದಲು ನಾನು ವಿಚಾರಿಸಬೇಕು. ನನ್ನ ಅಕ್ಕ ಪಾರ್ವತಿಬಾಯಿಯನ್ನು ಮದುವೆ ಮಾಡಿ ಕೊಡುವಾಗ ಯಾರೂ ವಿಚಾರಿಸಲಿಲ್ಲ. ಮಂಜೀರಾ ನದಿ ತುಂಬಿದೆ, ಬಸ್ ಇಲ್ಲ ಎಂದು ಅಪ್ಪ ಮನೆಯಲ್ಲೇ ಕೂತರು. ಗಂಡಿಗೆ ಮೊದಲೇ ಒಬ್ಬ ಹೆಂಡತಿ, ಒಂದು ಕೂಸು ಇದ್ದದ್ದು ಅಕ್ಕ ಗಂಡನ ಮನೆಗೆ ನಡೆಯಲು ಹೋದ ಮೇಲೆ ಗೊತ್ತಾಯಿತು. ನಾನು ಆಗ ಚಡ್ಡಿ ಹಾಕುವ ಹುಡುಗ. ಅವತ್ತು ತವರಿಗೆ ಬಂದವಳು ಇವತ್ತಿಗೂ ಈ ಮನೆಯ ಒಲೆಯ ಮುಂದೆ ಇದ್ದಾಳೆ. ನನ್ನ ಮಗಳಿಗೆ ಹಾಗಾಗಬಾರದು. ಬಸ್ಸಿನಲ್ಲಿ ಹೋದರೆ ಕಂಡಕ್ಟರನೇ "ಎತ್ಲಾಗ ಹೊಂಟ್ರಿ ಸರ್, ಬೀಗತನಕ್ಕೇನ್ರಿ?" ಎಂದು ಊರಿಗೆಲ್ಲ ಸುದ್ದಿ ಮಾಡುತ್ತಾನೆ. ಸೈಕಲ್ಲಿನ ಮೇಲೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ.

ಅಂಗಳದ ಕಂಬಕ್ಕೆ ಸರಪಳಿ ಸುತ್ತಿ ಎರಡು ಬೀಗ ಹಾಕಿದ್ದೇನೆ. ಪಕ್ಕದ ಮನೆಯ ಮೊಗಲಪ್ಪ ಗೋಡೆಯ ಮೇಲಿಂದ ಬಹಳ ಹೊತ್ತು ನೋಡುತ್ತಿದ್ದ.

೨೧ ಡಿಸೆಂಬರ್, ಮಂಗಳವಾರ

ಶಾಲೆಗೆ ಮೊದಲ ಸವಾರಿ. ನ್ಯಾಲ್ಕಲ್ ಕಡೆಯ ನನ್ನ ಕನ್ನಡ ಶಾಲೆಗೆ ಇಷ್ಟು ವರ್ಷ ಜೀಪಿನಲ್ಲಿ ಹೋಗುತ್ತಿದ್ದೆ. ಮಂಕಿ ಟೋಪಿ, ಮಫ್ಲರ್, ಕೈಗೆ ಹಳೆಯ ಸಾಕ್ಸು. ಥಂಡಿ ಎಂಥದ್ದು ಎಂದರೆ ಕಣ್ಣಿನಿಂದ ನೀರು ತಾನಾಗಿಯೇ ಇಳಿಯುತ್ತಿತ್ತು. ಡಾಂಬರು ಮುಗಿದು ಸಣ್ಣ ಕಲ್ಲು ಮಣ್ಣಿನ ಗರಸಿನ ದಾರಿ ಶುರುವಾದ ಕೂಡಲೇ ಹ್ಯಾಂಡಲ್ಲನ್ನು ಗಟ್ಟಿ ಹಿಡಿದೆ. ತಿರುವಿನಲ್ಲಿ ಮುಂದಿನ ಚಕ್ರ ಜಾರಿತು, ತೊಗರಿ ಹೊಲದ ಬದುವಿಗೆ ಬಿದ್ದೆ.

ಕಬ್ಬಿನ ಗಾಡಿಯವನೊಬ್ಬ ಇಳಿದು ಓಡಿಬಂದ. "ಪೆಟ್ಟಾತೇನ್ರಿ ಸಾಹೇಬ್ರ?" ಎಂದು ಎಬ್ಬಿಸಿದ, ಮೈಮೇಲಿನ ಮಣ್ಣು ಜಾಡಿಸಿದ, ಒಂದು ಕಬ್ಬು ಮುರಿದು ಚೀಲಕ್ಕೆ ಸಿಕ್ಕಿಸಿದ. ಅವನು ಹೋದ ಮೇಲೆ ಜೇಬು ಮುಟ್ಟಿ ನೋಡಿಕೊಂಡೆ. ಎಲ್ಲ ಇತ್ತು. ಕಬ್ಬು ಯಾಕೆ ಕೊಟ್ಟ ಎಂಬುದು ಮಾತ್ರ ತಿಳಿಯಲಿಲ್ಲ.

ಮನೆಗೆ ಬಂದವನೇ ಹಾಸಿಗೆ ಹಿಡಿದೆ. ಕತ್ತಲಾಗುವ ತನಕ ಎಚ್ಚರವಿರಲಿಲ್ಲ.

೨೩ ಡಿಸೆಂಬರ್, ಗುರುವಾರ

ಬೆಳಿಗ್ಗೆ ಸೈಕಲ್ ಹತ್ತಿದರೆ ಮೊಣಕಾಲು ಹೊಟ್ಟೆಗೆ ಬರುತ್ತಿದೆ. ಸೀಟು ಎರಡು ಬೆರಳು ಕೆಳಗೆ ಇಳಿದಿದೆ! ಬೀಗ ಹಾಕಿದ ಹಾಗೇ ಇದೆ. ಕೀಲಿ ನನ್ನ ಅಂಗಿಯ ಜೇಬಿನಲ್ಲೇ ಇದೆ.

ಮೊಗಲಪ್ಪ ಗಿಡ್ಡ ಮನುಷ್ಯ. ನಾನು ಸಂಜೆ ಮಲಗಿದಾಗ ಗೋಡೆ ಹಾರಿ ಬಂದು ತೆಗೆದುಕೊಂಡು ಹೋಗುತ್ತಿರಬೇಕು. ಮೊನ್ನೆಯೇ "ಸರ್, ರ್‍ಯಾಲಿಗಿ ಒಂದಿನ ಕೊಡ್ರಿ, ಮುಂದ ಝಂಡಾ ಕಟ್ಕೊಂಡು ಹೋತೀವಿ" ಎಂದು ಕೇಳಿದ್ದ. ಕೊಡುವುದಿಲ್ಲ ಎಂದಿದ್ದೆ.

ಈ ಮಾತನ್ನು ಮನೆಯಲ್ಲಿ ಹೇಳಿದಾಗ ಚಹಾ ತಂದ ಪ್ರೇಮಲಾ ಒಂದೇ ಸಮ ಕೆಮ್ಮಿದಳು. ಅವಳಿಗೆ ಥಂಡಿ ಆಗಿರಬೇಕು. ಸಲ್ವಾರದ ಅಂಚಿಗೆಲ್ಲ ಎಣ್ಣೆಯ ಕರೆ ಬೇರೆ. ಈ ಹುಡುಗಿಗೆ ಅಡಿಗೆ ಮನೆಯಲ್ಲಿ ಎಚ್ಚರಿಕೆಯೇ ಇಲ್ಲ. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು.

೨೬ ಡಿಸೆಂಬರ್, ಭಾನುವಾರ

ನಿನ್ನೆ ಕ್ರಿಸ್ಮಸ್ ರಜೆ. ನಸುಕಿನಲ್ಲೇ ಹೊರಟು ನಾರಾಯಣಖೇಡ ಮುಟ್ಟಿದೆ, ಶಿವರಾಯನ ಅಪ್ಪನ ಮನೆಯಲ್ಲಿ ಉಳಿದೆ. ಸುಮ್ಮನೆ ನಿಮ್ಮನ್ನು ಮಾತಾಡಿಸಲು ಬಂದೆ ಎಂದೆ. ನಂಬಿದರು.

ಇವತ್ತು ಬೆಳಿಗ್ಗೆ ಸೂರ್ಯಕಾಂತ ಇರುವ ಬಾಡಿಗೆ ಖೋಲಿಯ ಮುಂದೆ ಹೋದೆ. ಬೀಗ. ಮನೆಯ ಒಡತಿ ಭೀಮಮ್ಮ ಅಂಗಳ ಗುಡಿಸುತ್ತಿದ್ದಳು.

"ಐತ್ವಾರ ಅವ್ರು ಎಲ್ಲಿ ಇರ್ತಾರ್ರೀ? ನಾಗಲಗಿದ್ದಕ್ಕ ಹೋಗ್ಯಾರ. ಪ್ರತಿ ಐತ್ವಾರ ಹೋತಾರ."

"ಅಲ್ಲಿ ಏನದ್ರಿ?"

"ಅದು ಅವ್ರಿಗೇ ಕೇಳ್ರಿ." ಆಮೇಲೆ ಸೈಕಲ್ಲನ್ನು ಮೇಲೆ ಕೆಳಗೆ ನೋಡಿ, "ನೀವು ಜಹೀರಾಬಾದಿನ ಸೈಕಲ್ ಮಾಸ್ತರ ಅಲ್ರೀ?" ಅಂದಳು.

"ಅಲ್ರಿ, ನಾ ಬೀದರದವ," ಅಂದೆ. ಮಂಕಿ ಟೋಪಿಯನ್ನು ಇನ್ನೂ ಕೆಳಗೆ ಎಳೆದುಕೊಂಡೆ. ಆ ಹೆಂಗಸು ನಕ್ಕಳು. ಯಾಕೆ ನಕ್ಕಳೋ. ಹಲ್ಲು ಚೆನ್ನಾಗಿದ್ದವರಿಗೆ ಸುಮ್ಮಸುಮ್ಮನೆ ನಗುವ ಅಭ್ಯಾಸ.

ಪ್ರತಿ ಭಾನುವಾರ ನಾಗಲಗಿದ್ದ. ರಜೆಯ ದಿನ ಯಾವ ದನಕ್ಕೂ ಬೇನೆ ಬರುವುದಿಲ್ಲ ಎಂದಲ್ಲ, ಆದರೆ ಪ್ರತಿ ಭಾನುವಾರ ಒಂದೇ ಊರಿನ ದನಕ್ಕೆ ಬರುತ್ತದೆಯೇ? ದಾರಿಯುದ್ದಕ್ಕೂ ಇದನ್ನೇ ಯೋಚಿಸುತ್ತಾ ಬಂದೆ. ಮಂಜೀರಾದ ಸೇತುವೆಯ ಮೇಲೆ ನಿಂತು ಅಕ್ಕ ಕಟ್ಟಿಕೊಟ್ಟ ರೊಟ್ಟಿ ತಿಂದೆ. ನೀರಿನ ಮೇಲೆ ಹಕ್ಕಿಗಳು ಬಹಳ ಇದ್ದವು.

ಸಂಜೆ ಅಕ್ಕ ಎಲ್ಲವನ್ನೂ ಕೆದಕಿ ಕೆದಕಿ ಕೇಳಿದಳು. ಯಾವ ದಾರಿ ಹಿಡಿದೆ, ಏರು ಎಲ್ಲಿ ಬಂತು, ನೀರು ಎಲ್ಲಿ ಸಿಕ್ಕಿತು. ಹುಡುಗನ ವಿಷಯ ಬಿಟ್ಟು ದಾರಿಯ ವಿಷಯ ಇವಳಿಗೇಕೆ? ಪ್ರೇಮಲಾ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು.

೩೧ ಡಿಸೆಂಬರ್, ಶುಕ್ರವಾರ

ನಿನ್ನೆ ಸಮಿತಿ ವರದಿ ಕೊಟ್ಟಿತಂತೆ. ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲ, ಆದರೆ ಎಲ್ಲ ಕ್ರಾಸಿನಲ್ಲೂ ಪೊಲೀಸರು. ನನ್ನನ್ನು ನಿಲ್ಲಿಸಿದರು. "ಈ ಚೀಲದಾಗ ಏನದ? ಮಾರಿ ಯಾಕ ಮುಚ್ಚೀರಿ?" ಎಂದು ಒಬ್ಬ ಚೀಲವನ್ನೆಲ್ಲ ತಿರುವಿ ನೋಡಿದ. ಮಕ್ಕಳ ಪರೀಕ್ಷೆಯ ಪತ್ರಿಕೆ, ರೊಟ್ಟಿ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಪಂಪು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನನ್ನು ಅನುಮಾನಿಸುತ್ತಾರೆ! ಮನುಷ್ಯನ ಮುಖ ನೋಡಿದರೆ ತಿಳಿಯುವುದಿಲ್ಲವೇ? ಬಹಳ ಸಿಟ್ಟು ಬಂತು. ಆಮೇಲೆ ಅವನೇ ಹಿಂಡಿ ಚೆನ್ನಾಗಿದೆ ಎಂದು ಎರಡು ಸಲ ಕೇಳಿ ತಿಂದ, ಚಹಾ ತರಿಸಿ ಕೊಟ್ಟ.

ಸೀಟು ಮತ್ತೆ ಇಳಿದಿದೆ. ಮೊನ್ನೆ ಹಿಂದಿನ ಚಕ್ರಕ್ಕೂ ಕಂಬಕ್ಕೂ ಕಪ್ಪು ದಾರ ಕಟ್ಟಿ ಮಲಗಿದ್ದೆ. ದಾರ ಹರಿದಿರಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದ್ದರು, ಅದೂ ನನ್ನ ಗಂಟಿಗಿಂತ ಚೊಕ್ಕವಾಗಿ. ಮೊಗಲಪ್ಪ ಇಷ್ಟು ಚಾಲಾಕು ಎಂದು ತಿಳಿದಿರಲಿಲ್ಲ. ಚೈನಿಗೆ ಎಣ್ಣೆಯನ್ನೂ ಹಾಕಿದ್ದಾನೆ. ಕಳ್ಳತನ ಮಾಡುವವನು ಎಣ್ಣೆ ಯಾಕೆ ಹಾಕುತ್ತಾನೆ?

ಒಂದು ಬೀಗದ ಕೀಲಿ ದಾರಿಯಲ್ಲಿ ಎಲ್ಲೋ ಬಿದ್ದಿದೆ. ಸದ್ಯ ಒಂದೇ ಬೀಗ.

೨ ಜನವರಿ ೨೦೧೧, ಭಾನುವಾರ

ಕಣ್ಣಾರೆ ನೋಡಿದೆ.

ನಿನ್ನೆ ಸಂಜೆ ಮತ್ತೆ ನಾರಾಯಣಖೇಡಕ್ಕೆ ಹೋಗಿ ಉಳಿದಿದ್ದೆ. ಇವತ್ತು ಬೆಳಿಗ್ಗೆ ನಾಗಲಗಿದ್ದದ ದಾರಿ ಹಿಡಿದೆ. ಬರೀ ಗರಸು, ಇಳಿಜಾರು. ಎಲ್ಲೂ ಬೀಳಲಿಲ್ಲ. ಯೋಚನೆಯಲ್ಲಿ ಇದ್ದದ್ದರಿಂದ ಕೈ ಎಲ್ಲಿತ್ತು ಎಂಬುದೂ ನೆನಪಿಲ್ಲ. ಊರ ಅಂಚಿನ ಮನೆಯೊಂದರ ಮುಂದೆ ಸೂರ್ಯಕಾಂತನ ಮೋಟರ್ ಸೈಕಲ್ ನಿಂತಿತ್ತು. ನಮ್ಮ ಮನೆಗೆ ಬಂದಾಗ ಅದರ ನಂಬರು ನೋಡಿ ಇಟ್ಟುಕೊಂಡಿದ್ದೆ.

ಆತ ಕಟ್ಟೆಯ ಮೇಲೆ ಕೂತಿದ್ದ. ತೊಡೆಯ ಮೇಲೆ ಒಂದು ಹೆಣ್ಣು ಕೂಸು, ಆತನ ಜೇಬಿಗೆ ಕೈ ಹಾಕಿ ಪೆನ್ನು ಎಳೆಯುತ್ತಿತ್ತು. ಒಳಗಿನಿಂದ ಒಬ್ಬ ಹೆಂಗಸು ತಟ್ಟೆಯಲ್ಲಿ ಉಪ್ಪಿಟ್ಟು ತಂದು ಕೊಟ್ಟಳು. ಆತನಿಗೆ ಏನೋ ಬೈದಳು, ಆತ ನಕ್ಕ. ಪರಕೀಯರು ಹಾಗೆ ಬೈಯುವುದಿಲ್ಲ, ಹಾಗೆ ನಗುವುದೂ ಇಲ್ಲ.

ಒಬ್ಬ ಹೆಂಗಸು, ಒಂದು ಕೂಸು. ಅಕ್ಕನಿಗೆ ಆದದ್ದೇ. ಅಕ್ಷರಕ್ಕೆ ಅಕ್ಷರ ಅದೇ. ವಾಪಸು ಬರುವಾಗ ಏರಿನಲ್ಲಿ ಇಳಿದು ಸೈಕಲ್ ನೂಕಿದೆ, ಅತ್ತೂ ಬಿಟ್ಟೆ. ಯಾರೂ ಇರಲಿಲ್ಲ.

೩ ಜನವರಿ, ಸೋಮವಾರ

ಅಕ್ಕನಿಗೆ ಹೇಳಿದೆ. ಇಂದೇ ಬೇಡವೆಂದು ಫೋನು ಮಾಡುತ್ತೇನೆ ಎಂದೆ. ಅವಳು ಹಬ್ಬದ ಭಜ್ಜಿ ಪಲ್ಯಕ್ಕೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನಾಳೆ ಎಳ್ಳಮಾವಾಸ್ಯೆ, ಹೊಲ ಪೂಜಿಸಿ ಅಲ್ಲೇ ಉಣ್ಣುವ ಹಬ್ಬ.

"ಅವಸರ ಮಾಡಬ್ಯಾಡ ತಮ್ಮಾ. ನಾಳಿ ಎಲ್ಲಾರೂ ಹೊಲದಾಗ ಇರ್ತಾರ. ಮನಿಗಿ ಆದ್ರ ಬಾಗಲಾ ಹಾಕ್ಕೊಬಹುದು, ಹೊಲಕ್ಕ ಬಾಗಲಾ ಇರಂಗಿಲ್ಲ. ತಾಂಡೂರಿಗಿ ಹೋಗಿ ಅವ್ರ ಮಂದಿನ್ನ ನೋಡಿ ಬಾ."

ಇವಳೂ ಅವರ ಕಡೆಯವಳೇ ಆದಳೋ ಏನೋ.

೪ ಜನವರಿ, ಮಂಗಳವಾರ

ಕೆಂಪು ನೆಲ ಮುಗಿದು ಕರಿ ನೆಲ ಬರುವ ತನಕ ತುಳಿದೆ. ಎಲ್ಲ ಹೊಲದಲ್ಲೂ ಜನ, ಜೋಳದ ದಂಟಿನ ಕೊಂಪೆ, ಒಳಗೆ ಪೂಜೆಗೆ ಸುಣ್ಣ ಬಳಿದ ಐದು ಕಲ್ಲು. ಪ್ರತಿ ಹೊಲದಿಂದಲೂ "ಬರ್ರಿ, ಉಂಡು ಹೋಗ್ರಿ" ಎಂದು ಕೂಗುವವರೇ. ಕೈ ಮುಗಿದು ಮುಂದೆ ಹೋದೆ.

ಶಾಂತಪ್ಪನ ಹೊಲ ರಸ್ತೆಗೆ ಹತ್ತಿಕೊಂಡೇ ಇದೆ. ಬೇವಿನ ಗಿಡಕ್ಕೆ ಸೈಕಲ್ ಆನಿಸಿ, ಚೈನು ಕಳಚಿದವನ ಹಾಗೆ ಕುಕ್ಕರಗಾಲಲ್ಲಿ ಕೂತೆ. ಟೋಪಿ ಮಫ್ಲರಿನಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು. ಹುಡುಗನ ಅಜ್ಜಿ ಗುರುಲಿಂಗಮ್ಮ ಕೋಲೂರಿಕೊಂಡು ಬಂದಳು. ಅವಳು ನನ್ನನ್ನು ನೋಡಿಲ್ಲ, ಹೆಣ್ಣು ನೋಡಲು ಬಂದಿರಲಿಲ್ಲ.

"ಯಾವೂರ್ರೀ?"

"ಬೀದರ."

"ಬೀದರದವ್ರು ಹೌದೇನ್ರಿ. ಚಲೋ ಆತು. ಇವತ್ತ ಹೊಲದ ಮುಂದ ಬಂದವ್ರು ಹಸದು ಹೋಗಬಾರ್ದು. ಏಳ್ರಿ."

ತೋಳು ಹಿಡಿದು ಎಬ್ಬಿಸಿದಳು. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಹೋದೆ. ಸಜ್ಜೆ ರೊಟ್ಟಿ, ಭಜ್ಜಿ, ಮಡಿಕೆಯ ಅಂಬಲಿ. ಹಸಿವು ಎಂಥದ್ದಿತ್ತೆಂದರೆ ರೊಟ್ಟಿ ಎಷ್ಟು ಬಡಿಸಿದರೋ ಅಷ್ಟೂ ತಿಂದೆ. ಆಮೇಲೆ ಶೇಂಗಾ ಹೋಳಿಗೆ ತಂದಳು. ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಅದನ್ನು ತಿಂದರೆ ಮಗಳನ್ನು ಕೊಟ್ಟ ಹಾಗೆ.

"ಸಕ್ರಿ ಬ್ಯಾನಿ ಅದ್ರಿ ನನಗ."

"ಅಯ್ಯ, ಯಾವಾಗಿನಿಂದ್ರಿ?"

"ಭಾಳ ದಿನದಿಂದ."

"ಸೈಕಲ್ ತುಳದ್ರ ಹೋತದಂತ. ತುಳೀರಿ, ತುಳೀರಿ," ಅಂದಳು. ಅಷ್ಟರಲ್ಲಿ ಶಾಂತಪ್ಪನೇ ನೀರಿನ ಬಿಂದಿಗೆ ಹಿಡಿದು ಎದುರಿಗೆ ಬಂದ. ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡೆ. ಆತ ನಿಂತು ನೋಡಿದ, "ಸೈಕಲ್ ಚಲೋ ಅದ್ರಿ" ಅಂದು ಮುಂದೆ ಹೋದ. ಗುರುತು ಹಿಡಿಯಲಿಲ್ಲ. ಟೋಪಿ ಕೆಲಸ ಮಾಡಿತು.

ಮುಖ್ಯವಾದ ವಿಷಯ ಇನ್ನು ಮುಂದೆ. ಎಲ್ಲರ ಊಟ ಆದ ಮೇಲೆ ಅಜ್ಜಿ ಬೇರೆ ತೆಗೆದಿಟ್ಟಿದ್ದ ರೊಟ್ಟಿ, ಭಜ್ಜಿ, ಹೋಳಿಗೆಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿದಳು. ಯಾರಿಗೆ ಎಂದು ಕೇಳಿದೆ. "ಮನಿ ಮಗಳಿಗಿ. ಅಮಾಸಿ ಬುತ್ತಿ ಮಗಳಿಗಿ ಹೋಗಲೇಬೇಕ್ರಿ, ಆಕಿ ಎಲ್ಲೇ ಇರ್ಲಿ," ಅಂದಳು. ಶಾಂತಪ್ಪ ಆ ಕಡೆ ಮುಖ ತಿರುಗಿಸಿ ನಿಂತ. ಸೂರ್ಯಕಾಂತ ಬುತ್ತಿಯನ್ನು ಮೋಟರ್ ಸೈಕಲ್ಲಿಗೆ ಕಟ್ಟಿ ಉತ್ತರದ ಕಡೆ ಹೊರಟುಹೋದ.

ಹೆಣ್ಣುಮಕ್ಕಳೇ ಇಲ್ಲ ಎಂದಿದ್ದರು. ಹಾಗಾದರೆ ಮನೆಯ ಮಗಳು ಯಾರು? ಸೊಸೆಯನ್ನೂ ಮಗಳೇ ಎನ್ನುವ ಮನೆಗಳಿವೆ. ಅಂದರೆ ನಾಗಲಗಿದ್ದದ ಹೆಂಗಸು ಗುಟ್ಟಿನವಳೂ ಅಲ್ಲ. ಮನೆಮಂದಿಯೆಲ್ಲ ಕೂಡಿ ಸಾಕುತ್ತಿದ್ದಾರೆ, ಮುದುಕಿ ಸಮೇತ. ಅಷ್ಟು ಪ್ರೀತಿಯಿಂದ ಬಡಿಸಿದ ಕೈ! ಅದಕ್ಕೇ ನನಗೆ ಹೆಚ್ಚು ನೋವಾಯಿತು.

೫ ಜನವರಿ, ಬುಧವಾರ

ಬೇಡವೆಂದು ಹೇಳಿಬಿಡುತ್ತೇನೆ ಎಂದು ಊಟದ ಹೊತ್ತಿಗೆ ಪ್ರಕಟಿಸಿದೆ. ಕಂಡದ್ದನ್ನೆಲ್ಲ ಹೇಳಿದೆ. ಅಕ್ಕ ಕೇಳಿ, "ಪ್ರೇಮಲಾಗ ಕೇಳೀಯೇನು?" ಅಂದಳು.

"ಆಕೀಗಿ ಏನ್ ಕೇಳೋದದ ಇದ್ರಾಗ?"

"ಅಪ್ಪನೂ ಅವತ್ತ ಹಿಂಗೇ ಅಂದಿದ್ದ."

ಪ್ರೇಮಲಾ ತಟ್ಟೆ ಸರಿಸಿ ಕೂತಳು. "ಅಪ್ಪಾ, ನೀ ಮೂರೂ ಊರು ತಿರುಗಿದಿ. ಮನಿ ಒಡತಿಗಿ ಕೇಳಿದಿ, ಅಜ್ಜಿಗಿ ಕೇಳಿದಿ. ಆತಗ ಒಬ್ಬಗ ಕೇಳ್ಲಿಲ್ಲ."

"ಕೇಳಿದ್ರ ಖರೇ ಹೇಳ್ತಾನೇನು?"

"ಸುಳ್ಳ ಹೇಳಿದ್ರ ಮಾರಿ ನೋಡಿ ನನಗ ತಿಳೀತದ. ಬಾಳೇ ಮಾಡಾಕಿ ನಾನು. ಸೈಕಲ್ ಕೊಡು, ನಾನೇ ಹೋಗಿ ಕೇಳ್ತೀನಿ."

ಸೈಕಲ್ ಹೊಡೆಯಲು ನಿನಗೆಲ್ಲಿ ಬರುತ್ತದೆ ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

೮ ಜನವರಿ, ಶನಿವಾರ

ವರದಿ ಬಯಲಾದಾಗಿನಿಂದ ಬಂದ್. ಬಸ್ಸಿಲ್ಲ, ಜೀಪಿಲ್ಲ, ರಸ್ತೆಗಳು ಖಾಲಿ. ಶಾಲೆಯೂ ಇಲ್ಲ.

ಬೆಳಿಗ್ಗೆ ಪ್ರೇಮಲಾ ನನ್ನ ಮಫ್ಲರ್ ಸುತ್ತಿಕೊಂಡು ಅಂಗಳಕ್ಕೆ ಬಂದಳು. ಸೀಟಿನ ಕೆಳಗಿನ ಹಿಡಿಕೆ ತಿರುಗಿಸಿದಳು, ಸೀಟು ಇಳಿಸಿದಳು, ಬಿಗಿದಳು. ಕಣ್ಣು ಮಿಟುಕಿಸುವುದರೊಳಗೆ. ಎರಡು ಬೆರಳು.

ನಾನು ಕಂಬಕ್ಕೆ ಒರಗಿ ನಿಂತೆ. ಗೋಡೆಯ ಮೇಲಿಂದ ಮೊಗಲಪ್ಪ, "ಚಲೋ ಹೊಡೀತಾಳ್ರಿ ಸರ್, ದಿನಾ ಸಂಜಿಗಿ ನೋಡ್ತೀವಲ್ಲ ನಾವು," ಅಂದ. ಓಣಿಗೆಲ್ಲ ಗೊತ್ತು. ನಾನು ಮಲಗಿದಾಗ ನನ್ನ ಜೇಬಿನ ಕೀಲಿ ತೆಗೆದು ಅವಳಿಗೆ ಕೊಟ್ಟವಳು ಅಕ್ಕ, ದಾರದ ಗಂಟು ಹಾಕಿದವಳೂ ಅವಳೇ. ಮೊಗಲಪ್ಪನ ಮುಖ ನೋಡಲು ನಾಚಿಕೆಯಾಯಿತು.

ಬೇಡ ಅನ್ನಬೇಕೆಂದು ಬಾಯಿ ತೆರೆದೆ. "ಗರಸು ಬಂದ್ರ ಹ್ಯಾಂಡಲ್ ಬಿಗಿ ಹಿಡೀಬ್ಯಾಡವಾ" ಎಂಬ ಮಾತು ಬಂತು. ಇವತ್ತು ನಾರಾಯಣಖೇಡದಲ್ಲಿ ಮಾವನ ಮನೆಯಲ್ಲಿ ಉಳಿಯುತ್ತಾಳೆ, ನಾಳೆ ಭಾನುವಾರ ಸೂರ್ಯಕಾಂತ ನಾಗಲಗಿದ್ದಕ್ಕೆ ಹೊರಡುವ ಮೊದಲು ಹಿಡಿಯುತ್ತಾಳಂತೆ. ತಿರುವಿನ ತನಕ ನೋಡುತ್ತಾ ನಿಂತೆ. ಬೆನ್ನು ನೆಟ್ಟಗಿತ್ತು. ಒಮ್ಮೆಯೂ ಹಿಂದೆ ನೋಡಲಿಲ್ಲ.

೯ ಜನವರಿ, ಭಾನುವಾರ

ಊಟ ಸೇರಲಿಲ್ಲ. ಮೊಗಲಪ್ಪ ಬಂದು ಕೂತು ಹೋದ. ಒಳ್ಳೆಯ ಮನುಷ್ಯ.

೧೦ ಜನವರಿ, ಸೋಮವಾರ

ಮಧ್ಯಾಹ್ನ ಬಂದಳು. ಕೆಂಪು ಧೂಳು, ತುಟಿ ಒಡೆದಿದೆ, ಕಣ್ಣು ಹೊಳೆಯುತ್ತಿದೆ. ನೀರು ಕುಡಿದು ಒಂದೇ ಮಾತಿನಲ್ಲಿ ಹೇಳಿದಳು. "ಆಕಿ ಅವ್ರ ಅಕ್ಕ ಅಪ್ಪಾ. ಸ್ವಂತ ಅಕ್ಕ, ಶಿಲ್ಪಾರಾಣಿ."

ಆಕೆ ನಾಗಲಗಿದ್ದದ ಪ್ರಬುದ್ಧ ಎಂಬುವನನ್ನು ಮೆಚ್ಚಿ ಮದುವೆಯಾದಳಂತೆ. ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್. ಬೌದ್ಧರು. ಅಂದರೆ ನಮ್ಮವರು ಹಿಂದಿನಿಂದಲೂ ಊರ ಹೊರಗೆ ಇಟ್ಟವರು. ಅವತ್ತಿನಿಂದ ಶಾಂತಪ್ಪ ತನಗೆ ಮಗಳೇ ಇಲ್ಲ ಎಂದು ಹೇಳುತ್ತಾ ಬಂದಿದ್ದಾನೆ. ಅಜ್ಜಿ ಬುತ್ತಿ ಬಿಡಲಿಲ್ಲ, ತಮ್ಮ ಭಾನುವಾರ ಬಿಡಲಿಲ್ಲ. ತೊಡೆಯ ಮೇಲಿದ್ದ ಕೂಸು ಅಕ್ಕನ ಮಗಳು, ಧಮ್ಮಶೀಲಾ.

"ನಮಗ ಯಾಕ ಮುಚ್ಚಿಟ್ರಿ ಅಂತ ಕೇಳ್ದೆ. ಹೇಳಿದ್ರ ನಿಮ್ಮಪ್ಪ ನಮಗ ಶಿರಾ ಬಡಸ್ತಿದ್ರೇನು ಅಂದ್ರು. ಆಮ್ಯಾಲ ಅವ್ರ ಸಂಗಟ ಅಲ್ಲಿಗಿ ಹೋದೆ. ಅವ್ರ ಅಕ್ಕ ಹೋಳಿಗಿ ಬಡಿಸಿದ್ರು." ಅಷ್ಟು ಹೇಳಿ ನನ್ನನ್ನೇ ನೋಡಿದಳು. "ಉಂಡೆ ಅಪ್ಪಾ."

ಉಂಡೆ. ನಾನು ಮೂರು ವಾರ ಕಾಲು ಸವೆಸಿ, ಎಲೆಯ ಮೇಲೆ ಕೈ ಅಡ್ಡ ಇಟ್ಟು ಕಾಪಾಡಿಕೊಂಡು ಬಂದದ್ದನ್ನು ಇವಳು ಒಂದು ಹೋಳಿಗೆಯಲ್ಲಿ ಮುಗಿಸಿ ಬಂದಿದ್ದಾಳೆ. ಕೂಗಾಡಿದೆ. ಮುಚ್ಚಿಟ್ಟವರು ಇವತ್ತು ಇದನ್ನು ಮುಚ್ಚಿಟ್ಟರು, ನಾಳೆ ಏನು ಮುಚ್ಚಿಡುತ್ತಾರೋ ಎಂದೆ. ನಮ್ಮ ಮಂದಿ ಏನೆಂದಾರು ಎಂದೆ. ನನ್ನ ಅನುಮಾನ ಸುಳ್ಳಾಗಲಿಲ್ಲ, ಅವರು ಮುಚ್ಚಿಟ್ಟದ್ದು ನಿಜ. ಆದರೂ ನನಗೆ ಗೆದ್ದ ಸಮಾಧಾನ ಇಲ್ಲ. ಶಾಲೆಯಲ್ಲಿ ಮನುಷ್ಯರೆಲ್ಲ ಒಂದೇ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಓದಿಸುವವನು ನಾನೇ. ಆ ಮನೆಯಲ್ಲಿ ನನ್ನ ಮಗಳು ಉಂಡಳು ಎಂದಾಗ ಎದೆ ಧಸಕ್ಕೆಂದದ್ದೂ ನನ್ನದೇ.

ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. "ನನ್ನ ಗಂಡ ನನಗ ಮೋಸ ಮಾಡ್ದ, ನೀವು ನನಗ ಮನ್ಯಾಗ ಕರ್ಕೊಂಡ್ರಿ. ಆ ಹುಡುಗಿ ಯಾರಿಗೂ ಮೋಸ ಮಾಡಿಲ್ಲ, ಆಕೀಗಿ ಮನಿ ಇಲ್ಲ. ಇದು ಯಾವ ನ್ಯಾಯ ತಮ್ಮಾ? ಆಕಿ ಬರದ ಮದುವಿಗಿ ನಾ ಅಕ್ಷತಿ ಹಾಕಂಗಿಲ್ಲ."

ಹೊರಗೆ ಬಂದು ಸೈಕಲ್ ಒರೆಸುತ್ತಾ ಕೂತೆ.

೧೨ ಜನವರಿ, ಬುಧವಾರ

ಎರಡನೆಯ ಕೀಲಿಯೂ ಸಿಗುತ್ತಿಲ್ಲ. ಸೀಟು ನನ್ನ ಅಳತೆಗೆ ಏರಿಸಿದೆ, ಗಾಳಿ ನೋಡಿದೆ. ಅಕ್ಕ ಬುತ್ತಿ ಕಟ್ಟಿಟ್ಟಿದ್ದಾಳೆ.

೧೪ ಜನವರಿ, ಶುಕ್ರವಾರ. ನಾರಾಯಣಖೇಡ

ನಾಳೆ ಸಂಕ್ರಾಂತಿ. ನಿನ್ನೆ ಇಲ್ಲಿಗೆ ಬಂದೆ, ಈ ಸಲ ಯಾಕೆ ಬಂದೆ ಎಂದು ಶಿವರಾಯನ ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇವತ್ತು ನಾಗಲಗಿದ್ದದ ದಾರಿಯಲ್ಲಿ ಬಿಸಿಲು ಚೆನ್ನಾಗಿತ್ತು, ಮಂಕಿ ಟೋಪಿಯನ್ನು ಚೀಲಕ್ಕೆ ಹಾಕಿದೆ. ಗುರುತಿಲ್ಲದವರು "ಸೈಕಲ್ ಮಾಸ್ತರ, ನಮಸ್ಕಾರ್ರಿ" ಅಂದರು. ನಾನೂ ನಮಸ್ಕಾರ ಎಂದೆ.

ಪ್ರಬುದ್ಧ ಮನೆಯಲ್ಲಿದ್ದ. ಎತ್ತರದ, ಕಡಿಮೆ ಮಾತಿನ ಮನುಷ್ಯ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಹೊಸ ಸಾವಂತಿಗೆ. ಕೂಸು ಹೊರಗೆ ಓಡಿಹೋಗಿ ಸೈಕಲ್ಲಿನ ಗಂಟೆ ಬಾರಿಸಲು ಶುರುಮಾಡಿತು. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು. ಶಿಲ್ಪಾರಾಣಿ ನೀರಿನ ಚರಿಗೆ ಇಟ್ಟು ಬಾಗಿಲ ಮರೆಗೆ ನಿಂತಳು, ನಾನು ಜಗಳಕ್ಕೆ ಬಂದೆನೋ ಎಂದು ಹೆದರಿದಂತಿತ್ತು.

"ಮದುವಿಗಿ ನೀವು ಮೂರೂ ಮಂದಿ ಬರಬೇಕು," ಅಂದೆ. "ಹುಡುಗನ ಅಕ್ಕನ ಜಾಗಾದಾಗ ನೀನೇ ನಿಂದರಬೇಕವಾ. ನಾಳಿ ತಾಂಡೂರಿಗಿ ಹೋಗಿ ನಿಮ್ಮಪ್ಪಗ ಇದೇ ಮಾತು ಹೇಳ್ತೀನಿ. ಆಗಲ್ಲ ಅಂದ್ರ ಹೊಲದಾಗೇ ಕೂಡ್ತೀನಿ, ಏಳಂಗಿಲ್ಲ."

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಪ್ರಬುದ್ಧ ನೆಲ ನೋಡುತ್ತಾ ಕೂತ. ಒಳಗೆ ಲಟ್ಟಣಿಗೆಯ ಸದ್ದು ಕೇಳಿಸಿತು. ಬಹಳ ಹೊತ್ತಿಗೆ ತಟ್ಟೆಯಲ್ಲಿ ಶೇಂಗಾ ಹೋಳಿಗೆ, ಬಟ್ಟಲಲ್ಲಿ ತುಪ್ಪ ತಂದು ನನ್ನ ಮುಂದೆ ಇಟ್ಟಳು. ಇಟ್ಟವಳು ಫಕ್ಕನೆ ಏನೋ ನೆನಪಾಗಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಮರತೇ ಬಿಟ್ಟೆ ಕಾಕಾ. ನಿಮಗ ಸಕ್ರಿ ಬ್ಯಾನಿ ಅಂತಲ್ರೀ, ಅಜ್ಜಿ ಹೇಳಿ ಕಳಿಸ್ಯಾಳ. ಜಹೀರಾಬಾದಿನ ಬೀಗರು ಬಂದಿದ್ರು, ಪಾಪ, ಹೋಳಿಗಿ ಮುಟ್ಟಲಿಲ್ಲ ಅಂದ್ಳು."

ಅವಳ ಕಣ್ಣು ಇನ್ನೂ ಒದ್ದೆ ಇತ್ತು, ತುಟಿ ನಗುತ್ತಿತ್ತು. ಅಂದರೆ ಅಜ್ಜಿಗೆ ಅವತ್ತೇ ಗೊತ್ತಿತ್ತು. ಶಾಂತಪ್ಪನಿಗೂ ಗೊತ್ತಿತ್ತು. ಖೋಲಿಯ ಒಡತಿ ಭೀಮಮ್ಮನಿಗೂ.

"ಇತ್ತವಾ," ಅಂದೆ. "ಬಿಟ್ಟು ಹೋತು."

ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡು, ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡೆ. ಹೊರಗೆ ಕೂಸು ಗಂಟೆ ಬಾರಿಸುತ್ತಲೇ ಇತ್ತು. ಎರಡನೆಯದನ್ನೂ ಹಾಕಿಸಿಕೊಂಡೆ.